ಅಪ್ಪನ ಮಾರುತಿಗೆ ಝೆನ್ ಎಂಜಿನ್

ಅಪ್ಪ ಹೋದ ಮೇಲೆ ಆರು ತಿಂಗಳು ಆ ಕಾರನ್ನು ಯಾರೂ ಮುಟ್ಟಿರಲಿಲ್ಲ. ಕರಿಬೇವಿನ ಗಿಡದ ಕೆಳಗೆ ನಿಂತಿತ್ತು. 1999ರ ಮಾರುತಿ 800, ಬಿಳಿ ಬಣ್ಣ, ಕೆಎ 08, ಕಾರ್ಬುರೇಟರ್ ಗಾಡಿ. ಅಮ್ಮ ವಾರಕ್ಕೊಮ್ಮೆ ಅದರ ಮೇಲೆ ಬಿದ್ದ ಎಲೆ ಗುಡಿಸುತ್ತಿದ್ದಳು, ಅಷ್ಟೇ. ಸಂಕ್ರಾಂತಿಗೆ ಇಬ್ಬರೂ ಊರಲ್ಲಿದ್ದಾಗ ಬ್ಯಾಟರಿ ತಂದು ಹಾಕಿ ಸ್ಟಾರ್ಟ್ ಮಾಡಿದೆವು. ಆಯಿತು. ಆದರೆ ಹಿಂದಿನಿಂದ ಬಂದ ಹೊಗೆಗೆ ಪಕ್ಕದ ಮನೆಯವರು ಒಣಗಲು ಹಾಕಿದ್ದ ಬಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದರು.

ನಾವು ಅಂದರೆ ಅಣ್ಣ ತಮ್ಮ. ದೊಡ್ಡವನು ಕೋಲಾರ ಜಿಲ್ಲೆಯಲ್ಲಿ ಪತ್ರಿಕೆಗೆ ಸ್ಟ್ರಿಂಗರ್. ಚಿಕ್ಕವನು ಮಹದೇವಪುರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು ಕೆ.ಆರ್. ಪುರದಲ್ಲಿ ರೂಮು ಮಾಡಿಕೊಂಡಿದ್ದಾನೆ. ಇದನ್ನು ಬರೆಯುತ್ತಿರುವುದು ದೊಡ್ಡವನೇ. ಆದರೆ ಕಾರಿನ ವಿಷಯದಲ್ಲಿ 'ನಾನು' ಎಂದು ಬರೆದರೆ ಚಿಕ್ಕವನು ಜಗಳಕ್ಕೆ ಬರುತ್ತಾನೆ. ದುಡ್ಡು ಇಬ್ಬರದು, ಹುಚ್ಚೂ ಇಬ್ಬರದು.

ಸ್ಟ್ರಿಂಗರ್ ಕೆಲಸಕ್ಕೆ ಕಾರು ಯಾಕೆ ಎಂದು ಕೇಳುವವರಿಗೆ ಒಂದು ಮಾತು. ಮುಳಬಾಗಿಲಿನ ಹೆದ್ದಾರಿಯಲ್ಲಿ ರಾತ್ರಿ ಹನ್ನೊಂದಕ್ಕೆ ಬಸ್ಸು ಪಲ್ಟಿಯಾದರೆ, ಬೈಕಿನಲ್ಲಿ ಹೋಗಿ ಫೋಟೊ ತೆಗೆದು, ಹೆಸರು ಊರು ಬರೆದುಕೊಂಡು, ಮಳೆಯಲ್ಲಿ ನೆನೆದುಕೊಂಡು ವಾಪಸ್ ಬರುವುದನ್ನು ಹತ್ತು ವರ್ಷ ಮಾಡಿದ್ದಾಯಿತು. ಮೂವತ್ತು ದಾಟಿದ ಮೇಲೆ ಬೆನ್ನು ಮಾತಾಡುತ್ತದೆ. ಹೊಸ ಕಾರಿಗೆ ಸಾಲ ಕೊಡಲು ಬ್ಯಾಂಕಿನವರು ಸಂಬಳದ ಚೀಟಿ ಕೇಳುತ್ತಾರೆ. ಸುದ್ದಿಗಿಷ್ಟು ಎಂದು ಬರುವ ಹಣಕ್ಕೆ ಚೀಟಿ ಎಲ್ಲಿಂದ ತರುವುದು? ಮನೆ ಮುಂದಿರುವ ಕಾರೇ ಗತಿ.

ಅದನ್ನು ಸುಮ್ಮನೆ ರಿಪೇರಿ ಮಾಡಿಸಬಹುದಿತ್ತು. ಆದರೆ ಅಷ್ಟರಲ್ಲಿ ಚಿಕ್ಕವನು ಫೋನಿನಲ್ಲಿ ವಿಡಿಯೊಗಳನ್ನು ನೋಡಿದ್ದ. ಯಾರೋ 800ಕ್ಕೆ ಝೆನ್ ಎಂಜಿನ್ ಕೂರಿಸಿದ್ದರು, ಅದು ಸುಂಯ್ ಎಂದು ಘಾಟಿ ಹತ್ತುತ್ತಿತ್ತು. 'ನಮ್ಮದಕ್ಕೂ ಹಾಕಿಬಿಡಾಣ' ಎಂದ. ದೊಡ್ಡವನು ಬೇಡ ಎನ್ನಬೇಕಿತ್ತು. ಅನ್ನಲಿಲ್ಲ. ಅಲ್ಲಿಯವರೆಗೆ ನಾವಿಬ್ಬರೂ ಸೇರಿ ಮಾಡಿದ್ದ ಅತಿ ದೊಡ್ಡ ರಿಪೇರಿ ಎಂದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಒರೆಸಿದ್ದು.

ಲೆಕ್ಕ ಶುರುವಾದದ್ದು ಅಪ್ಪನ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ. ಅಪ್ಪ ಕೆಜಿಎಫ್ ಚಿನ್ನದ ಗಣಿಯಲ್ಲಿ ಫಿಟ್ಟರ್ ಆಗಿದ್ದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಅಲ್ಲಿ ಇಲ್ಲಿ ಪಂಪ್‌ಸೆಟ್, ಮೋಟಾರು ರಿಪೇರಿ ಮಾಡಿ ಸಂಸಾರ ತೂಗಿಸಿದರು. 2004ರಲ್ಲಿ ಈ ಕಾರನ್ನು ಸೆಕೆಂಡ್ ಹ್ಯಾಂಡ್ ತಂದರು. ಅವತ್ತಿನಿಂದ ಹಾಕಿಸಿದ ಪ್ರತಿ ಲೀಟರ್ ಪೆಟ್ರೋಲು, ಪ್ರತಿ ಆಯಿಲ್ ಬದಲಾವಣೆ, ಮೀಟರಿನ ಕಿಲೊಮೀಟರು, ಎಲ್ಲವನ್ನೂ ಮೊಳೆ ಹೊಡೆದಂಥ ಅಕ್ಷರದಲ್ಲಿ ಬರೆದಿಟ್ಟಿದ್ದರು. ಮುಂದಿನಿಂದ ಅವರ ಲೆಕ್ಕ. ಹಿಂದಿನಿಂದ ನಮ್ಮ ಪ್ಲಾನು. ಎಂಜಿನ್ ಮತ್ತು ಗೇರ್‌ಬಾಕ್ಸ್ 20 ಸಾವಿರ, ಕೂಲಿ 15 ಸಾವಿರ, ಇತರೆ 10 ಸಾವಿರ. ಆ 'ಇತರೆ' ಎನ್ನುವ ಪದವನ್ನು ಈಗ ನೋಡಿದರೆ ನಗು ಬರುತ್ತದೆ.

ನಮ್ಮ ತರ್ಕ ಸರಳವಾಗಿತ್ತು. ಮಾರುತಿ 800ರ ಎಂಜಿನ್ 796 ಸಿಸಿ, ಮೂರು ಸಿಲಿಂಡರ್, ಸುಮಾರು 37 ಎಚ್‌ಪಿ. 1993ರಲ್ಲಿ ಬಂದ ಝೆನ್‌ನದು 993 ಸಿಸಿ, ನಾಲ್ಕು ಸಿಲಿಂಡರ್, 50 ಎಚ್‌ಪಿ. ಎರಡೂ ಒಂದೇ ಕಂಪನಿಯವು, ಎರಡೂ ಮುಂದಿನ ಚಕ್ರ ಎಳೆಯುವ ಗಾಡಿಗಳು. ನಮ್ಮದಕ್ಕೆ ನಾಲ್ಕು ಗೇರು, ಅದಕ್ಕೆ ಐದು. ಅಂದರೆ ಬಿಚ್ಚು, ಎತ್ತು, ಕೂರಿಸು. ಒಂದೂವರೆ ಕ್ವಿಂಟಲ್ ಅಕ್ಕಿ ಮೂಟೆ ಇಳಿಸಿ ಇನ್ನೊಂದು ಏರಿಸಿದಷ್ಟೇ ಸುಲಭ ಎಂದುಕೊಂಡಿದ್ದೆವು.

ಫೆಬ್ರವರಿಯ ಒಂದು ಶನಿವಾರ ಮಾರಿಕುಪ್ಪಂ ರೈಲು ಹತ್ತಿದೆವು. ಚಿಕ್ಕವನು ಹಿಂದಿನ ರಾತ್ರಿಯೇ ಊರಿಗೆ ಬಂದಿದ್ದ. ನಮ್ಮ ಕಡೆಯವರಿಗೆ ಈ ರೈಲಿನ ಬಗ್ಗೆ ಹೇಳಬೇಕಿಲ್ಲ. ಚಾಂಪಿಯನ್, ಉರಿಗಾಂ, ಕೋರಮಂಡಲ್ ಎಂದು ಗಣಿಗಳ ಹೆಸರಿನ ನಿಲ್ದಾಣಗಳನ್ನು ದಾಟಿ, ಬಂಗಾರಪೇಟೆಯಲ್ಲಿ ಮುಖ್ಯ ಹಳಿ ಸೇರಿ, ದಿನಾ ಬೆಳಗ್ಗೆ ಸಾವಿರಾರು ಮಂದಿಯನ್ನು ಬೆಂಗಳೂರಿಗೆ ಸುರಿಯುತ್ತದೆ. ಜೋಲಾರಪೇಟೆಯಿಂದ ಬೆಂಗಳೂರು ಕಂಟೋನ್ಮೆಂಟಿಗೆ ಹಳಿ ಬಂದದ್ದು 1864ರಲ್ಲಿ. ಅಂದಿನಿಂದ ನಮ್ಮ ಭಾಗದವರಿಗೆ ಬೆಂಗಳೂರು ಎಂದರೆ ಮೊದಲು ಕಂಟೋನ್ಮೆಂಟೇ. ಕೆ.ಆರ್. ಪುರ ದಾಟುವಾಗ ಲೋಕೋ ಶೆಡ್ಡು ಬಂದರೆ ಚಿಕ್ಕವನು ಕಿಟಕಿಗೆ ಮುಖ ಒತ್ತಿದ. 'ಅಲ್ಲಿ ರೈಲಿನ ಎಂಜಿನ್ನೇ ಬಿಚ್ತಾರೆ, ನಮಗೆ ಒಂದು ಮಾರುತಿ ಬಿಚ್ಚಕ್ಕಾಗಲ್ವಾ?' ಎಂದ.

ಕಂಟೋನ್ಮೆಂಟಿನಲ್ಲಿ ಇಳಿದು ಕ್ವೀನ್ಸ್ ರಸ್ತೆ ಕಡೆಯಿಂದ ಶಿವಾಜಿನಗರಕ್ಕೆ ನಡೆದೇ ಹೋದೆವು. ರಸೆಲ್ ಮಾರ್ಕೆಟ್ ಎದುರು ಚಹಾ ಕುಡಿದು ಗುಜರಿ ಗಲ್ಲಿಗಳಿಗೆ ನುಗ್ಗಿದೆವು. ಅಲ್ಲಿ ಏನಿಲ್ಲ ಎಂದು ಕೇಳಬೇಕು. ಬಾಗಿಲುಗಳನ್ನು ಪುಸ್ತಕದ ಹಾಗೆ ಒಂದರ ಪಕ್ಕ ಒಂದು ನಿಲ್ಲಿಸಿರುತ್ತಾರೆ. ಹೆಡ್‌ಲೈಟುಗಳು ದ್ರಾಕ್ಷಿ ಗೊಂಚಲಿನ ಹಾಗೆ ನೇತಾಡುತ್ತವೆ. ನೆಲವೆಲ್ಲ ಎಣ್ಣೆ ಕುಡಿದು ಕಪ್ಪಾಗಿದೆ, ಚಪ್ಪಲಿ ಅಂಟುತ್ತದೆ. ಉರ್ದು, ತಮಿಳು, ಕನ್ನಡ ಮೂರೂ ಒಂದೇ ವಾಕ್ಯದಲ್ಲಿ ಬರುತ್ತವೆ. ಕೆಜಿಎಫ್‌ನಲ್ಲಿ ಬೆಳೆದವರಿಗೆ ಅದೇನೂ ಕಷ್ಟವಲ್ಲ. ನಾವು ಯಾವ ಗಾಡಿ ಎಂದು ಹೇಳಿ ಮುಗಿಸುವಷ್ಟರಲ್ಲಿ ಒಬ್ಬ ಹುಡುಗ ಎದ್ದು ಹೋಗಿ, ಯಾವ ಗುಡ್ಡೆಯಿಂದಲೋ ಬೇಕಾದ ಸಾಮಾನನ್ನೇ ಎಳೆದು ತಂದ. ನಮ್ಮ ಪತ್ರಿಕೆಯ ಹಳೇ ಸಂಚಿಕೆಗಳನ್ನು ಯಾರಾದರೂ ಹೀಗೆ ಜೋಡಿಸಿಟ್ಟಿದ್ದರೆ ಎಂದು ದೊಡ್ಡವನಿಗೆ ಅನ್ನಿಸಿತು.

ನಾಲ್ಕನೇ ಅಂಗಡಿಯಲ್ಲಿ ಝೆನ್ ಎಂಜಿನ್ ಸಿಕ್ಕಿತು, ಗೇರ್‌ಬಾಕ್ಸ್ ಸಮೇತ. 22 ಸಾವಿರ. 'ಸ್ಟಾರ್ಟ್ ಮಾಡಿ ತೋರಿಸ್ತೀರಾ ಭಾಯ್?' ಎಂದೆವು. ಅವರಿಗೆ ಅದು ದಿನದ ಕೆಲಸ. ಎರಡು ಹಳೇ ಟೈರಿನ ಮೇಲೆ ಎಂಜಿನ್ ಇಟ್ಟರು, ಬ್ಯಾಟರಿಯಿಂದ ಎರಡು ವೈರು ಎಳೆದರು, ನೀರಿನ ಬಾಟಲಿಯಲ್ಲಿ ಪೆಟ್ರೋಲು ಹಾಕಿ ಪೈಪು ಕೊಟ್ಟರು. ನೆಲದ ಮೇಲೆ ಕೂತಿದ್ದ ಎಂಜಿನ್ ಒಮ್ಮೆ ಕೆಮ್ಮಿ, ಮೈ ಕೊಡವಿ, ಸರಾಗವಾಗಿ ಓಡತೊಡಗಿತು. ಅಂಗಡಿಯವರು ಅದರ ಮೇಲೆ ಒಂದು ರೂಪಾಯಿ ನಾಣ್ಯವನ್ನು ನೆಟ್ಟಗೆ ನಿಲ್ಲಿಸಲು ನೋಡಿದರು, ನಿಲ್ಲಲಿಲ್ಲ, ಆದರೂ ನಾವು ಸೋತು ಹೋಗಿದ್ದೆವು. ಚಿಕ್ಕವನು ಆಗಲೇ ಪರ್ಸಿಗೆ ಕೈ ಹಾಕಿದ್ದ, ಅಡ್ವಾನ್ಸಿಗೆ.

ದೊಡ್ಡವನು ಸುಮ್ಮನೆ ಬಗ್ಗಿ ಬ್ಲಾಕಿನ ಮೇಲಿನ ನಂಬರು ನೋಡಿದ. ಸುದ್ದಿ ಬರೆಯುವವನ ಚಟ, ಬೇರೆ ಕಾರಣವಿಲ್ಲ. ಅಂಕಿಗಳಿರಬೇಕಾದ ಜಾಗ ಹೊಳೆಯುತ್ತಿತ್ತು. ಸುತ್ತ ಇಪ್ಪತ್ತು ವರ್ಷದ ಜಿಡ್ಡು, ಅಲ್ಲಿ ಮಾತ್ರ ಗ್ರೈಂಡರಿನ ಗೀರು.

'ತುಕ್ಕಿತ್ತು ಸಾರ್, ತಿಕ್ಕಿದ್ವಿ' ಎಂದರು ಅಂಗಡಿಯವರು.

ಅಲ್ಯೂಮಿನಿಯಂಗೆ ತುಕ್ಕು ಹಿಡಿಯುವುದಿಲ್ಲ. ಝೆನ್ ಬ್ಲಾಕು ಅಲ್ಯೂಮಿನಿಯಂನದು ಎಂದು ಅಷ್ಟೊತ್ತಿಗೆ ಓದಿಕೊಂಡಿದ್ದೆವು.

ಬೇರೆ ಅಂಗಡಿಗಳಲ್ಲಿ ನಂಬರು ಸರಿಯಾಗಿ ಇದ್ದ ಎಂಜಿನ್‌ಗಳೂ ಇದ್ದವು, ಯಾವ ಗಾಡಿಯದು ಎಂದು ಆರ್‌ಸಿ ಜೆರಾಕ್ಸ್ ಸಮೇತ ಬಿಲ್ಲು ಕೊಡುವವರೂ ಇದ್ದರು. ಅವರ ಎಂಜಿನ್‌ಗೆ ನಾಲ್ಕೈದು ಸಾವಿರ ಜಾಸ್ತಿ. ಆ ಜಾಸ್ತಿ ಯಾತಕ್ಕೆ ಎಂದು ಅಲ್ಲಿ ಅರ್ಥವಾಯಿತು. ದೊಡ್ಡವನು ಈ ಹತ್ತು ವರ್ಷದಲ್ಲಿ 'ಅಂತರಜಿಲ್ಲಾ ಕಳ್ಳರ ಬಂಧನ, ವಾಹನಗಳ ವಶ' ಎಂಬ ಸುದ್ದಿಯನ್ನು ಎಷ್ಟು ಸಲ ಬರೆದಿದ್ದಾನೋ ಲೆಕ್ಕವಿಲ್ಲ. ಠಾಣೆಯ ಮುಂದೆ ಗಾಡಿಗಳ ಸಾಲು, ಹಿಂದೆ ಸಿಬ್ಬಂದಿ, ಮಧ್ಯೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಇಬ್ಬರು. 'ಎಂಜಿನ್ ಮತ್ತು ಚಾಸಿ ನಂಬರ್ ಅಳಿಸಿ ಮಾರಾಟ ಮಾಡುತ್ತಿದ್ದರು' ಎಂಬ ಸಾಲು ಕೈಗೆ ಬಾಯಿಪಾಠ. ಮಾರಿದವರ ಬಗ್ಗೆ ಬರೆದದ್ದೇ ಹೊರತು ಕೊಂಡವರು ಯಾರು ಎಂದು ಒಮ್ಮೆಯೂ ಕೇಳಿರಲಿಲ್ಲ. ಕೊಂಡವರು ನಮ್ಮಂಥವರೇ ಇರಬೇಕು. ಪರ್ಸು ಒಳಗೆ ಹೋಯಿತು.

ಅಂದೇ ಮಧ್ಯಾಹ್ನ ಇಂದಿರಾನಗರಕ್ಕೆ ಹೋದೆವು. ಚಿಕ್ಕವನಿಗೆ ಪರಿಚಯದ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರು ಅಲ್ಲಿ ತಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಇಂಥದ್ದೇ ಕೆಲಸ ಮಾಡುತ್ತಿದ್ದರು. ಒಳ್ಳೆಯ ಮನುಷ್ಯ, ಕಾಫಿ ಮಾಡಿಕೊಟ್ಟರು, ಲ್ಯಾಪ್‌ಟಾಪಿನಲ್ಲಿ ಪಟ್ಟಿ ತೋರಿಸಿದರು. ಅರವತ್ತಕ್ಕೂ ಹೆಚ್ಚು ಸಾಲು. ನಮ್ಮ 'ಇತರೆ' ಅಲ್ಲಿ ಐವತ್ತೇಳು ಸಾಲಾಗಿತ್ತು. ನಾಲ್ಕು ವರ್ಷದಿಂದ ಮಾಡುತ್ತಿದ್ದಾರೆ, ಕಾರು ಇನ್ನೂ ರಸ್ತೆಗೆ ಇಳಿದಿಲ್ಲ, ಇಳಿಸುವ ಉದ್ದೇಶವೂ ಅವರಿಗಿಲ್ಲ. ಟ್ರ್ಯಾಕಿಗೆ ಲಾರಿ ಮೇಲೆ ಹಾಕಿಕೊಂಡು ಹೋಗುತ್ತಾರಂತೆ. ಅವರು ಹೇಳಿದ ಮೊದಲ ಪಾಠ, ಎಂಜಿನ್ ಒಂದನ್ನೇ ತರಬೇಡಿ, ಇಡೀ ಕಾರು ತನ್ನಿ ಎಂಬುದು. ಪೇಪರ್ ಸರಿ ಇರುವ, ಓಡುವ ಝೆನ್ ಕೊಂಡರೆ ಮೌಂಟು, ಶಾಫ್ಟು, ರೇಡಿಯೇಟರು, ವೈರಿಂಗ್ ಕಿಟ್ಟು ಎಲ್ಲವೂ ಅದರಲ್ಲೇ ಇರುತ್ತದೆ, ಎಂಜಿನ್ ಹೇಗಿದೆ ಎಂದು ಓಡಿಸಿ ನೋಡಬಹುದು, ಮಿಕ್ಕಿದ್ದನ್ನು ಗುಜರಿಗೆ ಕೊಡಬಹುದು.

ಚಿಕ್ಕವನು ಸ್ವಲ್ಪ ಹೊತ್ತು ಯೋಚಿಸಿ ಕೇಳಿದ: 'ಹಾಗಾದ್ರೆ ಆ ಝೆನ್ನನ್ನೇ ಓಡಿಸಬಹುದಲ್ವಾ ಸಾರ್?'

'ಓಡಿಸಬಹುದು' ಎಂದು ಅವರು ನಕ್ಕರು. ನಾವೂ ನಕ್ಕೆವು. ಆದರೆ ವಾಪಸ್ ಬರುವಾಗ ಮೆಟ್ರೋದಲ್ಲಿ ಇಬ್ಬರೂ ಮಾತಾಡಲಿಲ್ಲ. ಝೆನ್ ಓಡಿಸಬಹುದಿತ್ತು. ಕರಿಬೇವಿನ ಗಿಡದ ಕೆಳಗಿನ ಕಾರು ಆಗ ಏನಾಗಬೇಕು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಮುಂದಿನ ವಾರ ಹಲಸೂರು. ಸೋಮೇಶ್ವರ ದೇವಸ್ಥಾನದ ಹತ್ತಿರದ ಓಣಿಯೊಂದರಲ್ಲಿ ಎಪ್ಪತ್ತು ದಾಟಿದ ಮೇಸ್ತ್ರಿಯೊಬ್ಬರಿದ್ದಾರೆ. ಹಲಸೂರಿನ ಮಿಲಿಟರಿ ವರ್ಕ್‌ಶಾಪಿನಲ್ಲಿ ಸಿವಿಲಿಯನ್ ಕೆಲಸಗಾರರಾಗಿದ್ದು ನಿವೃತ್ತರಾದವರು. ಅಪ್ಪನ ಹಳೇ ಸ್ನೇಹಿತರೊಬ್ಬರು ಅವರ ಹೆಸರು ಹೇಳಿದ್ದರು. ಈಗ ಮಗ ಗ್ಯಾರೇಜು ನೋಡಿಕೊಳ್ಳುತ್ತಾನೆ, ಮೇಸ್ತ್ರಿ ಸ್ಟೂಲು ಹಾಕಿಕೊಂಡು ಕೂತು ಶಬ್ದ ಕೇಳಿ ಹೇಳುತ್ತಾರೆ. ಈ ಸಲ ಕಾರನ್ನೇ ತೆಗೆದುಕೊಂಡು ಹೋಗಿದ್ದೆವು. ಹೊಗೆ ಉಗುಳುತ್ತಾ, ಹೊಸಕೋಟೆ ದಾಟಿ, ಕೆ.ಆರ್. ಪುರದ ತೂಗು ಸೇತುವೆ ಮೇಲೆ ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತಾ ಬಂದದ್ದು ಬೇರೆ ಕಥೆ.

ನಮ್ಮ ಪ್ಲಾನು ಕೇಳಿ ಮೇಸ್ತ್ರಿ ಬೈಯಲಿಲ್ಲ. ಖುಷಿಯಾದರು. 'ನಾವು ಜೀಪಿಗೆ ಮಾಡಿದ್ದೆಲ್ಲಾ ಇದೇ ತಾನೇ' ಎಂದು ಹಳೆಯದನ್ನು ತೆಗೆದರು. ಮಿಲಿಟರಿಯವರು ಹರಾಜು ಹಾಕಿದ ಪೆಟ್ರೋಲ್ ಜೀಪುಗಳನ್ನು ತೋಟದವರು, ಎಸ್ಟೇಟಿನವರು ಕೊಂಡುಕೊಳ್ಳುತ್ತಿದ್ದರು. ಪೆಟ್ರೋಲು ದುಬಾರಿಯಾದಾಗ ಅದರ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಹಾಕಿಸುವುದು ಶುರುವಾಯಿತು. ಮಲೆನಾಡಿನಿಂದ, ಕೊಡಗಿನಿಂದ ಗಾಡಿ ತರುತ್ತಿದ್ದರಂತೆ. ಆಮೇಲೆ ಮಹೀಂದ್ರದವರೇ ಪ್ಯೂಜೊ ಡೀಸೆಲ್ ಎಂಜಿನ್ ಹಾಕಿ ಜೀಪು ಮಾರಿದರು. ಕಾರ್ಖಾನೆಗಳು ಮಾಡಿಲ್ಲದ್ದನ್ನು ನಾವೇನೂ ಮಾಡಲು ಹೊರಟಿರಲಿಲ್ಲ, ನಿಜ ಹೇಳಬೇಕೆಂದರೆ. ಐವತ್ತರ ದಶಕದ ಮೈಕಟ್ಟಿನ ಅಂಬಾಸಿಡರ್‌ಗೆ ತೊಂಬತ್ತರ ದಶಕದಲ್ಲಿ ಜಪಾನಿನ ಇಸುಝು ಎಂಜಿನ್ ಕೂರಿಸಿದರು. ಫಿಯಟ್ ಮೈಯ ಪ್ರೀಮಿಯರ್ 118 ಎನ್‌ಇ ಒಳಗೆ ಇದ್ದದ್ದು ನಿಸ್ಸಾನ್ ಎಂಜಿನ್. ಕಾರ್ಖಾನೆ ಮಾಡಿದರೆ ಅದು ಹೊಸ ಮಾಡೆಲ್ಲು.

'ಜೀಪಿಗೆ ಎಂಜಿನ್ ಹಾಕಕ್ಕೆ ಮೂರು ದಿವ್ಸ' ಎಂದರು ಮೇಸ್ತ್ರಿ. 'ಆಮೇಲೆ ಗಾಡಿ ಸರಿ ಮಾಡಕ್ಕೆ ಮೂರು ತಿಂಗಳು. ಡೀಸೆಲ್ ಎಂಜಿನ್ ಭಾರ. ಮುಂದಿನ ಪಟ್ಟಾ ಕೂತ್ಕೊಂಡುಬಿಡೋದು. ಪಟ್ಟಾ ಜಾಸ್ತಿ ಮಾಡಿದ್ರೆ ಸ್ಟೀರಿಂಗ್ ಬಿಗಿ. ಎಂಜಿನ್ ನಿಧಾನಕ್ಕೆ ತಿರುಗುತ್ತೆ, ಗೇರು ಹಳೇದು, ಸ್ಪೀಡೇ ಬರಲ್ಲ. ಬ್ರೇಕ್ ಮಾತ್ರ ಅದೇ ಹಳೇ ಬ್ರೇಕು. ಇಳಿಜಾರಲ್ಲಿ ದೇವರೇ ಗತಿ.'

ನಮ್ಮ ಗಾಡಿಗೆ ಬಂದರು. ಬಾನೆಟ್ ಎತ್ತಿ ಒಂದೊಂದೇ ಜಾಗ ಬೆರಳಿಟ್ಟು ತೋರಿಸಿದರು. ನಾಲ್ಕು ಸಿಲಿಂಡರ್ ಎಂಜಿನ್ ಮೂರರದಕ್ಕಿಂತ ಉದ್ದ. ಮೌಂಟು ಹೊಸದಾಗಿ ಕಡಿದು ವೆಲ್ಡಿಂಗ್ ಮಾಡಬೇಕು. ವೆಲ್ಡಿಂಗ್ ಎರಡು ಮಿಲಿಮೀಟರ್ ಓರೆಯಾದರೂ ಡ್ರೈವ್ ಶಾಫ್ಟ್ ನೆಟ್ಟಗೆ ಕೂರುವುದಿಲ್ಲ, ಆರು ತಿಂಗಳಿಗೊಮ್ಮೆ ಬೂಟು ಹರಿಯುತ್ತದೆ. ಶಾಫ್ಟು ಯಾವುದು ಹಾಕುವುದು? ಒಳತುದಿ ಝೆನ್ ಗೇರ್‌ಬಾಕ್ಸಿಗೆ ಕೂರಬೇಕು, ಹೊರತುದಿ 800ರ ಚಕ್ರಕ್ಕೆ. ಎರಡು ಕಡಿದು ಒಂದು ಮಾಡಿದರೆ ಅದು ತಿರುಗುವಾಗ ಎಲ್ಲಿ ತುಂಡಾಗುತ್ತದೋ ಹೇಳಲಾಗದು. ರೇಡಿಯೇಟರ್ ಚಿಕ್ಕದು, ದೊಡ್ಡದು ಹಾಕಲು ಮುಂದೆ ಜಾಗವಿಲ್ಲ. ಅಲ್ಯೂಮಿನಿಯಂ ಎಂಜಿನ್ ಒಮ್ಮೆ ಹೀಟಾಗಿ ಸೊಟ್ಟಗಾದರೆ ಮುಗಿಯಿತು. ಗುಜರಿಗೆ ಬಂದ ಎಂಜಿನ್ ಒಮ್ಮೆಯೂ ಹೀಟಾಗಿಲ್ಲ ಎಂದು ಯಾರು ಬರೆದುಕೊಡುತ್ತಾರೆ? ಇನ್ನು ಹೊಸ ಮಾದರಿಯ ಎಂಪಿಎಫ್ಐ ಎಂಜಿನ್ ತಂದರೆ ಅದರ ಕಂಪ್ಯೂಟರು, ಸೆನ್ಸರುಗಳು, ಟ್ಯಾಂಕಿನೊಳಗೆ ಪಂಪು, ಇಡೀ ವೈರಿಂಗು. ಇಷ್ಟೆಲ್ಲ ಆದ ಮೇಲೂ 12 ಇಂಚಿನ ಚಕ್ರ, ಆರೂನೂರೈವತ್ತು ಕೆಜಿಯ ತಗಡಿನ ಮೈ, ಆ 37 ಎಚ್‌ಪಿಗೆ ಲೆಕ್ಕ ಹಾಕಿ ಮಾಡಿದ ಬ್ರೇಕು.

'ಹದಿಮೂರು ಕುದುರೆ ಜಾಸ್ತಿ ಆಗುತ್ತೆ' ಎಂದು ಚಿಕ್ಕವನು ಕೊನೆಯ ಪ್ರಯತ್ನ ಮಾಡಿದ.

'ಅದು ಸರಿ ತಮ್ಮಾ. ಇರೋ ಮೂವತ್ತೇಳರಲ್ಲಿ ಈಗ ಎಷ್ಟು ಬದುಕವೆ? ಕಂಪ್ರೆಷನ್ ನೋಡಿದೀರಾ?'

ನೋಡಿರಲಿಲ್ಲ. ಎರಡು ತಿಂಗಳು ಪ್ಲಾನು ಮಾಡಿದ್ದೆವು, ಯಾವ ಎಂಜಿನ್ ತರಬೇಕು ಎಂದು ಶಿವಾಜಿನಗರದ ಗಲ್ಲಿಗಲ್ಲಿ ಅಲೆದಿದ್ದೆವು, ಮನೆಯಲ್ಲಿರುವ ಎಂಜಿನ್‌ಗೆ ಏನಾಗಿದೆ ಎಂದು ಯಾರಲ್ಲೂ ತೋರಿಸಿರಲಿಲ್ಲ. ಹೀಗೆ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮೇಸ್ತ್ರಿಯ ಮಗ ಮೂರೂ ಪ್ಲಗ್ ಬಿಚ್ಚಿ ಗೇಜು ಹಾಕಿದ. ಎರಡರಲ್ಲಿ 11ರ ಹತ್ತಿರ ಬಂತು. ಮೂರನೆಯದರಲ್ಲಿ 7. ಆ ಮೂರನೆಯದಕ್ಕೆ ಪ್ಲಗ್ ತೂತಿನಿಂದ ಎರಡು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದ. 10 ದಾಟಿತು. ಆಯಿಲ್ ಬಿಟ್ಟಾಗ ಏರಿದರೆ ರಿಂಗ್ ಸವೆದಿದೆ ಎಂದರ್ಥ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಎಂದು ಮೇಸ್ತ್ರಿ ಹೇಳಿಕೊಟ್ಟರು. ಹೊಗೆ ನೀಲಿ, ಅಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಇದ್ದಿದ್ದರೆ ನೀರು.

ಅಷ್ಟರಲ್ಲಿ ಅವರ ಕಣ್ಣು ಸೀಟಿನ ಮೇಲಿದ್ದ ನೋಟ್‌ಬುಕ್ಕಿನ ಮೇಲೆ ಬಿತ್ತು. ನಾವು ನಮ್ಮ ಪ್ಲಾನಿನ ಹಾಳೆ ತೆಗೆದು ಕೊಟ್ಟೆವು. ಅವರು ಅದನ್ನು ಬಿಟ್ಟು ಮುಂದಿನಿಂದ ಓದತೊಡಗಿದರು. ಕನ್ನಡಕ ಮೇಲಕ್ಕೇರಿಸಿಕೊಂಡು ಹಾಳೆ ಹಾಳೆ ತಿರುವಿದರು. 2017ರವರೆಗೆ ಎರಡು ಆಯಿಲ್ ಬದಲಾವಣೆಯ ಮಧ್ಯೆ ಏನೂ ಇಲ್ಲ. 2018ರಲ್ಲಿ ಒಮ್ಮೆ 'ಆಯಿಲ್ ಕಾಲು ಲೀ.' ಆಮೇಲೆ ಎರಡು ಸಲ. 2021ರ ನಂತರ ಪ್ರತಿ ಐನೂರು ಕಿಲೊಮೀಟರಿಗೆ 'ಅರ್ಧ ಲೀ.' ಕೊನೆಯ ವರ್ಷದ ಒಂದು ಕಡೆ, ಆ ಸಣ್ಣ ಅಕ್ಷರದಲ್ಲಿ, 'ರಿಂಗ್? ನಂ. 3' ಎಂದಿತ್ತು.

'ನಿಮ್ಮಪ್ಪಾವ್ರು ಬರ್ದೇ ಇಟ್ಟವ್ರಲ್ಲಪ್ಪಾ' ಎಂದರು ಮೇಸ್ತ್ರಿ.

ನಾವು ಅದೇ ನೋಟ್‌ಬುಕ್ಕನ್ನು ಎರಡು ತಿಂಗಳು ಕೈಯಲ್ಲಿ ಹಿಡಿದುಕೊಂಡು ತಿರುಗಿದ್ದೆವು, ತಲೆಕೆಳಗಾಗಿ.

ಅಷ್ಟಾದರೂ ಚಿಕ್ಕವನು ಝೆನ್ ಆಸೆ ಪೂರ್ತಿ ಬಿಟ್ಟಿರಲಿಲ್ಲ. ದುಡ್ಡು ಕೂಡಿಸಿ ಮುಂದಿನ ವರ್ಷ ಮಾಡೋಣ ಎನ್ನುತ್ತಿದ್ದ. ಅದನ್ನು ಬಿಡಿಸಿದ್ದು ಕೆ.ಆರ್. ಪುರದ ಅವನ ರೂಮಿನ ಪಕ್ಕದ ಮನೆಯವರು, ನಿವೃತ್ತ ಮೋಟಾರು ವಾಹನ ಇನ್‌ಸ್ಪೆಕ್ಟರ್. ಅವರ ಹತ್ತಿರ ಹೋದದ್ದು ಎಂಜಿನ್ ವಿಷಯಕ್ಕಲ್ಲ, ಆರ್‌ಸಿ ವಿಷಯಕ್ಕೆ. ಕಾರು ಇನ್ನೂ ಅಪ್ಪನ ಹೆಸರಲ್ಲಿತ್ತು. ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ 31ನೇ ನಮೂನೆಯಲ್ಲಿ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು. ನಾವು ಎರಡನ್ನೂ ಮಾಡಿರಲಿಲ್ಲ. ಪಹಣಿ, ಪೌತಿ ಖಾತೆ ಎಂದು ಊರವರ ಅರ್ಜಿಗಳನ್ನೆಲ್ಲ ಬರೆದುಕೊಡುವ ಸ್ಟ್ರಿಂಗರ್ ಮನೆಯ ಕಥೆ ಇದು. ಜೊತೆಗೆ ನೋಂದಣಿ ಆಗಸ್ಟಿಗೆ ಮುಗಿಯುತ್ತಿತ್ತು. ಹದಿನೈದು ವರ್ಷವಾದ ಮೇಲೆ ಐದೈದು ವರ್ಷಕ್ಕೆ ನವೀಕರಣ. ಅಪ್ಪ 2014ರಲ್ಲಿ, 2019ರಲ್ಲಿ ಮಾಡಿಸಿದ್ದರು. ಆಗ ಶುಲ್ಕ ನೂರುಗಳ ಲೆಕ್ಕ. 2022ರ ಏಪ್ರಿಲ್‌ನಿಂದ ಕಾರಿಗೆ 5,000 ರೂಪಾಯಿ ಆಗಿತ್ತು.

ಮಾತಿನ ಮಧ್ಯೆ ಚಿಕ್ಕವನು ಝೆನ್ ಎಂಜಿನ್ ಎಂದ. ಅವರು ಕಾಫಿ ಲೋಟ ಕೆಳಗಿಟ್ಟರು.

ಅವರು ಹೇಳಿದ್ದನ್ನು ಬರೆದುಕೊಂಡು ಬಂದು ಆಮೇಲೆ ಕಾಯ್ದೆ ತೆಗೆದು ಓದಿದೆವು. ಇಂಥ ಯೋಚನೆ ಇರುವ ಬೇರೆಯವರಿಗೂ ಉಪಯೋಗವಾದೀತು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾಲೀಕರು ಬದಲಿಸುವಂತಿಲ್ಲ. 2019ರ ಜನವರಿ 9ರಂದು ಸುಪ್ರೀಂ ಕೋರ್ಟ್, ಕೇರಳದಿಂದ ಬಂದ ಪ್ರಕರಣದಲ್ಲಿ ಇದನ್ನೇ ಎತ್ತಿ ಹಿಡಿಯಿತು. ಗ್ಯಾಸು, ಬ್ಯಾಟರಿ ಹೀಗೆ ಇಂಧನ ಬದಲಿಸಿಕೊಳ್ಳಲು ಬೇರೆ ದಾರಿ ಇದೆ, ಅದಕ್ಕೆ ಅನುಮೋದನೆ ಪಡೆದ ಕಿಟ್ ಬೇಕು. ಎಂಜಿನ್ ಬದಲಾವಣೆ ಎಂಬುದು ಕಾಯ್ದೆಗೆ ಗೊತ್ತಿಲ್ಲದ ವಿಷಯವೂ ಅಲ್ಲ. ಹತ್ತಕ್ಕೆ ಕಡಿಮೆಯಿಲ್ಲದಷ್ಟು ಸಾರಿಗೆ ವಾಹನ ಇರುವವರಿಗೆ, ಪ್ರತಿ ಸಲ ಆರ್‌ಟಿಒ ಒಪ್ಪಿಗೆ ಕೇಳದೆ ಎಂಜಿನ್ ಬದಲಿಸಲು ಸರ್ಕಾರ ಅನುಮತಿ ಕೊಡಬಹುದು ಎಂದು ಅದರಲ್ಲೇ ಇದೆ. ಆದರೆ ಅದೇ ತಯಾರಿಕೆಯ, ಅದೇ ಮಾದರಿಯ ಎಂಜಿನ್ ಆಗಿರಬೇಕು. ಬಸ್ ಡಿಪೊಗಳಿಗೆ ಬೇಕಾದ ಸೌಲಭ್ಯ ಅದು. ನಮ್ಮಂಥವರು 800ಕ್ಕೆ ಇನ್ನೊಂದು 800ರ ಎಂಜಿನ್ ಹಾಕುವುದಾದರೂ ಬಿಲ್ಲು, ಮೂಲ ಗಾಡಿಯ ದಾಖಲೆ ಕೊಟ್ಟು, ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಹೊಸ ನಂಬರು ಬರೆಸಬೇಕು. 800ಕ್ಕೆ ಝೆನ್ ಎಂದರೆ ಅವರು ಬರೆಯುವುದೇ ಇಲ್ಲ.

'ಹಾಕಿಬಿಟ್ರೆ ಏನಾಗುತ್ತೆ ಸಾರ್? ಎಷ್ಟೋ ಜನ ಹಾಕ್ಕೊಂಡು ಓಡಾಡ್ತಾರಲ್ಲ' ಎಂದು ಕೇಳಿದೆವು.

'ಓಡಾಡ್ತಾರೆ. ಆಕ್ಸಿಡೆಂಟ್ ಆಗೋವರೆಗೂ ಓಡಾಡ್ತಾರೆ. ಆಮೇಲೆ ಇನ್ಶೂರೆನ್ಸ್‌ನವರು ಬಂದು ಬಾನೆಟ್ ಎತ್ತುತಾರೆ' ಎಂದರು. ಆಮೇಲೆ ಕೇಳಿದರು: 'ಗಾಡಿ ಯಾರ ಹೆಸರಿಗೆ ಮಾಡಿಸ್ತೀರಿ?'

ಅಮ್ಮನ ಹೆಸರಿಗೆ ಎಂದು ಆಗಲೇ ತೀರ್ಮಾನಿಸಿದ್ದೆವು. ನಾವಿಬ್ಬರೂ ಆಕ್ಷೇಪಣೆ ಇಲ್ಲ ಎಂದು ಅಫಿಡವಿಟ್ ಕೊಡುವುದು.

'ಹಾಗಾದ್ರೆ ಕೇಸು ನಿಮ್ಮ ಮೇಲೆ ಅಲ್ಲ. 182ಎ, ನಾಲ್ಕನೇ ಉಪಸೆಕ್ಷನ್. ಆರು ತಿಂಗಳವರೆಗೆ ಜೈಲು, ಇಲ್ಲಾ ಒಂದೊಂದು ಬದಲಾವಣೆಗೆ ಐದು ಸಾವಿರ ದಂಡ, ಇಲ್ಲಾ ಎರಡೂ. ಮಾಲೀಕರಿಗೆ.'

ರೂಮಿಗೆ ಬಂದು ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಅಮ್ಮ ಅಫಿಡವಿಟ್ಟಿಗೆ ಸಹಿ ಹಾಕುವುದು ಕಣ್ಣಿಗೆ ಬಂತು. ಅವಳು ಓದದೆ ಸಹಿ ಹಾಕುತ್ತಾಳೆ, ನಾವು ಕೊಟ್ಟ ಕಾಗದ ಎಂದು. ಆಮೇಲೆ ಚಿಕ್ಕವನೇ ಮೇಸ್ತ್ರಿಗೆ ಫೋನ್ ಮಾಡಿ 'ಬೋರ್ ಮಾಡಿಸಿಬಿಡಿ' ಎಂದ.

ಎಂಜಿನ್ ಇಳಿಸುವ ದಿನ ಇಬ್ಬರೂ ರಜೆ ಹಾಕಿ ಹೋದೆವು. ಬಿಚ್ಚುವುದನ್ನಾದರೂ ಕಲಿಯೋಣ ಎಂದು. ಚೈನ್ ಬ್ಲಾಕಿನಲ್ಲಿ ಎಂಜಿನ್ ಮೇಲೆದ್ದಾಗ ಖಾಲಿಯಾದ ಜಾಗ ನೋಡಿ ಚಿಕ್ಕವನು ಮೊಬೈಲಿನಲ್ಲಿ ಅಳತೆಯ ಫೋಟೊ ತೆಗೆದುಕೊಂಡ. ಯಾಕೆ ಎಂದು ಯಾರೂ ಕೇಳಲಿಲ್ಲ. ಬ್ಲಾಕು ಬೀಡು ಕಬ್ಬಿಣದ್ದು, ಇಬ್ಬರು ಹಿಡಿದು ಆಟೊದಲ್ಲಿ ಲೇತಿಗೆ ಸಾಗಿಸಿದೆವು. ಮೂಲ ಬೋರು 68.5 ಮಿಲಿಮೀಟರು. ಮೂರನೆಯದರ ಗೋಡೆಯಲ್ಲಿ ಉಗುರು ಸಿಕ್ಕುವಷ್ಟು ಗೀರು ಇತ್ತು. ಅರ್ಧ ಮಿಲಿಮೀಟರ್ ಓವರ್‌ಸೈಜ್ ಮಾಡಬೇಕಾಯಿತು. ಅದೇ ಎಂಜಿನ್ ಓಮ್ನಿಯಲ್ಲಿ 2019ರವರೆಗೂ ಬರುತ್ತಿದ್ದರಿಂದ ಪಿಸ್ಟನ್, ರಿಂಗು, ಗ್ಯಾಸ್ಕೆಟ್ ಸೆಟ್ಟಿಗೆ ಕಷ್ಟವಾಗಲಿಲ್ಲ. ಎಲ್ಲ ಸೇರಿ 26 ಸಾವಿರ ಚಿಲ್ಲರೆ. ಅಪ್ಪನ ಲೆಕ್ಕದ ಕೊನೆಯ ಸಾಲಿನ ಕೆಳಗೆ ಒಂದು ಗೆರೆ ಬಿಟ್ಟು ಅದನ್ನು ಬರೆದೆವು. ಅಕ್ಷರ ಅಷ್ಟು ನೆಟ್ಟಗೆ ಬರಲಿಲ್ಲ.

ಹೊಸ ರಿಂಗ್ ಕೂರುವವರೆಗೆ, ಮೊದಲ ಸಾವಿರ ಕಿಲೊಮೀಟರು, ಐವತ್ತು ಅರವತ್ತರ ಮೇಲೆ ಹೋಗಬೇಡಿ ಎಂದು ಮೇಸ್ತ್ರಿ ಹೇಳಿದ್ದರು. ಹಲಸೂರಿನಿಂದ ಹಳೇ ಮದ್ರಾಸು ರಸ್ತೆ ಹಿಡಿದು ಊರಿಗೆ ಹೊರಟೆವು. ಟಿನ್ ಫ್ಯಾಕ್ಟರಿಯಲ್ಲಿ ಎಲ್ಲರೂ ನಿಂತೇ ಇರುವುದರಿಂದ ತೊಂದರೆಯಾಗಲಿಲ್ಲ. ಹೊಸಕೋಟೆ ದಾಟಿದ ಮೇಲೆ ಕೋಳಿ ತುಂಬಿದ ಲಾರಿಯೂ ನಮ್ಮನ್ನು ಹಿಂದೆ ಹಾಕಿತು. ಚಿಕ್ಕವನು ಎರಡು ನಿಮಿಷಕ್ಕೊಮ್ಮೆ ಹಿಂದೆ ತಿರುಗಿ ಹೊಗೆ ನೋಡುತ್ತಿದ್ದ. ಇರಲಿಲ್ಲ.

ಅಮ್ಮನ ಹೆಸರಿಗೆ ಆರ್‌ಸಿ ಬಂದದ್ದು ಜೂನ್‌ನಲ್ಲಿ. ತಡ ಮಾಡಿದ್ದಕ್ಕೆ ಒಂದಿಷ್ಟು ಓಡಾಟ, ಒಂದಿಷ್ಟು ದಂಡ, ಅದು ನಮ್ಮದೇ ತಪ್ಪು. ನವೀಕರಣಕ್ಕೆ ಗಾಡಿ ತೋರಿಸುವ ದಿನ ಅಮ್ಮನೂ ಬಂದಳು. ಮಾಲೀಕಳಲ್ಲವೇ, ರೇಷ್ಮೆ ಸೀರೆ ಉಟ್ಟಿದ್ದಳು. ನಾವು ಹಾಸ್ಯ ಮಾಡಿದರೆ 'ನಿಮ್ಮಪ್ಪ ಇದಕ್ಕೆ ಪೂಜೆ ಮಾಡಿಸಿದ ದಿನ ಉಟ್ಟಿದ್ದ ಸೀರೆ ಕಣ್ರೋ' ಎಂದಳು.

ಅಲ್ಲಿನ ಸಿಬ್ಬಂದಿ ಬಾನೆಟ್ ಎತ್ತಿಸಿದರು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡರು. ಆಮೇಲೆ ಆರ್‌ಸಿ ಕೈಗೆ ತೆಗೆದುಕೊಂಡು 'ಎಂಜಿನ್ ನಂಬರ್ ಓದ್ರೀ' ಎಂದರು. ಚಿಕ್ಕವನು ಟಾರ್ಚ್ ಹಿಡಿದು, ಬಗ್ಗಿ, ಬ್ಲಾಕಿನ ಮೇಲಿನ ಜಿಡ್ಡನ್ನು ಹೆಬ್ಬೆರಳಿನಿಂದ ಒರೆಸಿ, ಒಂದೊಂದೇ ಅಂಕಿ ಓದಿದ. ಅವರು ಪೆನ್ನಿನ ತುದಿಯಿಂದ ಒಂದೊಂದಕ್ಕೇ ಚುಕ್ಕಿ ಇಡುತ್ತಾ ಹೋದರು. ಕೊನೆಯ ಅಂಕಿಗೆ ಅವನ ಗಂಟಲು ಕಟ್ಟಿತು, ಪೆಟ್ರೋಲ್ ವಾಸನೆಗೆ ಎಂದು ಅವನು ಇವತ್ತಿಗೂ ಹೇಳುತ್ತಾನೆ.

'ಸರಿ ಇದೆ. ಬಾನೆಟ್ ಹಾಕಿ. ಮುಂದಿನ ಗಾಡಿ ಯಾರದ್ರೀ?'